ದೇಗುಲಗಳ್ಳರಲ್ಲದವರು: ಕರಾವಳಿಯ ಭಗ್ನ ದೇಗುಲಗಳ ಮುಂದೆ ಆದಿಧರ್ಮಸಭೆಯ ಸಾಕ್ಷ್ಯ

ಪವಿತ್ರ ನಾಡಿಗೆ ಯಾತ್ರೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಕಡಲ ತಡಿಯ ಕೈಸರೇಯಕ್ಕೂ ಹೋಗಿಬರುತ್ತಾರೆ. ಹೆರೋದನು ಕಟ್ಟಿಸಿದ ಬಂದರಿನ ಮೇಲಣ ಎತ್ತರದ ಜಗಲಿಯಲ್ಲಿ ರೋಮನ್ ದೇಗುಲದ ಅಡಿಪಾಯವನ್ನು ನೋಡಿ, ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಅಂತಹ ಭಗ್ನಾವಶೇಷವನ್ನು ಕಾಣಲು ನಮ್ಮ ಗುರುವಿದ್ಯಾರ್ಥಿಗಳು ಅಷ್ಟು ದೂರ ಹೋಗಬೇಕಾಗಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನಡುವಣ ಕಿರಿದಾದ ಕರಾವಳಿಯಲ್ಲೇ ಹಳೆಯ ಬಂದರುಗಳಿವೆ, ಹಾಳುಬಿದ್ದ ಬಸದಿಗಳಿವೆ, ಇಂದಿಗೂ ಪೂಜೆ ನಡೆಯುವ ಪ್ರಾಚೀನ ದೇಗುಲಗಳಿವೆ. ಅವುಗಳ ಮುಂದೆ ನಿಲ್ಲುವ ಕ್ರೈಸ್ತ ಯಾಜಕನು ಏನನ್ನು ನೋಡಬೇಕು, ಯಾವ ಮನಸ್ಸಿನಿಂದ ನೋಡಬೇಕು ಎಂಬ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಬರಿಯ ಪ್ರವಾಸದ್ದಲ್ಲ. ಅನ್ಯರ ಹಾಳುಬಿದ್ದ ಗುಡಿಯನ್ನು ಸುಳ್ಳು ದೇವರ ಪತನಕ್ಕೆ ದೃಷ್ಟಾಂತವಾಗಿ ಬಳಸುವ ಪ್ರಬೋಧನೆಗಳು ನಮ್ಮಲ್ಲಿ ಇನ್ನೂ ಕೇಳಿಬರುತ್ತವೆ. ಈ ದೃಷ್ಟಾಂತವು ಶ್ರೀಗ್ರಂಥಕ್ಕೂ ಇತಿಹಾಸಕ್ಕೂ ಹೊಂದುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ಕೊಡುತ್ತೇವೆ.

ನಕಾಶೆಯಲ್ಲೊಂದು, ನಾಟಕದಲ್ಲೊಂದು

ಭಾರತದ ಪಶ್ಚಿಮ ಕರಾವಳಿಯಲ್ಲಿ ರೋಮನ್ ದೇಗುಲವಿತ್ತೇ? ಲಿಖಿತ ಆಧಾರ ಒಂದಿದೆ. ವಿಯೆನ್ನಾದಲ್ಲಿ ಸಂರಕ್ಷಿತವಾಗಿರುವ ಪ್ಯೂಟಿಂಗರ್ ನಕಾಶೆಯು ಪ್ರಾಚೀನ ರೋಮನ್ ಮಾರ್ಗಪಟವೊಂದರ ಮಧ್ಯಯುಗೀನ ಪ್ರತಿ. ಅದರಲ್ಲಿ ಕೇರಳದ ಮುಜಿರಿಸ್ ಬಂದರಿನ ಪಕ್ಕದಲ್ಲಿ ಒಂದು ಚಿಕ್ಕ ಕಟ್ಟಡದ ಚಿತ್ರವಿದ್ದು, ಅದು ಆಗಸ್ಟಸನ ದೇಗುಲವೆಂದು ಲತೀನ್ ಭಾಷೆಯಲ್ಲಿ ಬರೆದಿದೆ. ಮುಜಿರಿಸ್ ಇದ್ದ ಸ್ಥಳವೆಂದು ಹಲವು ವಿದ್ವಾಂಸರು ಭಾವಿಸುವ ಪಟ್ಟಣಂ ಎಂಬಲ್ಲಿ 2007ರಿಂದ ನಡೆದ ಉತ್ಖನನಗಳಲ್ಲಿ ಮೆಡಿಟರೇನಿಯನ್ ಪ್ರದೇಶದ ಮದ್ಯದ ಜಾಡಿಗಳ ಚೂರುಗಳು ಹೇರಳವಾಗಿ ದೊರೆತಿವೆ. ದೇಗುಲ ಮಾತ್ರ ದೊರೆತಿಲ್ಲ. ಚಕ್ರವರ್ತಿಯ ಗುಡಿ ನಮ್ಮ ಕಡಲತೀರದಲ್ಲಿ ನಕಾಶೆಯ ಮೇಲಷ್ಟೇ ಉಳಿದಿದೆ.

ಎರಡನೆಯ ಆಧಾರ ನಮಗೆ ಇನ್ನೂ ಹತ್ತಿರದ್ದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳು ಪಟ್ಟಣದ ಕಸದ ದಿಬ್ಬಗಳಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ, ಕ್ರಿ.ಶ. ಎರಡನೆಯ ಶತಮಾನದ ಒಂದು ಗ್ರೀಕ್ ಪ್ರಹಸನವಿತ್ತು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ ಅದನ್ನು ಪ್ರಕಟಿಸಿದರು. ಚಾರಿಷನ್ ಎಂಬ ಗ್ರೀಕ್ ಯುವತಿ ಭಾರತದ ಕಡಲತೀರದ ಅರಸನೊಬ್ಬನ ಕೈಸೆರೆಯಾಗಿ, ಅಲ್ಲಿಯ ದೇವಿಯ ಗುಡಿಯಲ್ಲಿರುತ್ತಾಳೆ. ಅವಳ ಸಹೋದರನು ಹಡಗಿನಲ್ಲಿ ಬಂದು, ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಅರಸನೂ ಅವನ ಜನರೂ ಗ್ರೀಕ್ ಅಲ್ಲದ ಒಂದು ಭಾಷೆಯಲ್ಲಿ ಮಾತನಾಡುತ್ತಾರೆ. ಅದು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಶ್ 1904ರಲ್ಲಿ ವಾದಿಸಿದರು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ವಾದವನ್ನು ಬೆಳೆಸಿದರು. ಬಾರ್ನೆಟ್ 1926ರಲ್ಲಿ ಅದನ್ನು ಒಪ್ಪದೆ ಬರೆದರು. ಅದು ತುಳುವೆಂದು ಹೇಳಿದವರೂ ಇದ್ದಾರೆ. ನಾಟಕದ ಬಂದರು ಬ್ರಹ್ಮಾವರಕ್ಕೆ ತೆಂಕಣದ ಮಲ್ಪೆಯೇ ಎಂದು ಕೆಲವರು ಊಹಿಸಿದ್ದಾರೆ. ಭಾಷೆಯ ಈ ವಿವಾದ ಇತ್ಯರ್ಥವಾಗಿಲ್ಲ. ನಮ್ಮ ಪ್ರಸ್ತುತ ವಿಷಯಕ್ಕೆ ಅದು ಇತ್ಯರ್ಥವಾಗಬೇಕಾಗಿಯೂ ಇಲ್ಲ.

ನಮಗೆ ಮುಖ್ಯವಾದದ್ದು ಆ ಪ್ರಹಸನದ ಒಂದು ಕ್ಷಣ. ಪಲಾಯನದ ಸಿದ್ಧತೆ ನಡೆದಿರುವಾಗ, ದೇವಿಗೆ ಬಂದ ಕಾಣಿಕೆಗಳಲ್ಲಿ ಸ್ವಲ್ಪವನ್ನು ಎತ್ತಿಕೊಂಡು ಹೋಗೋಣವೆಂದು ವಿದೂಷಕನು ಸೂಚಿಸುತ್ತಾನೆ. ಚಾರಿಷನ್ ಅವನನ್ನು ತಡೆಯುತ್ತಾಳೆ. ರಕ್ಷಣೆ ಬೇಕಾದವರು ಗುಡಿಯನ್ನು ದೋಚಿ ರಕ್ಷಣೆ ಬೇಡುವುದು ತರವಲ್ಲ, ಅಂತಹವರ ಪ್ರಾರ್ಥನೆಯನ್ನು ದೇವತೆಗಳು ಹೇಗೆ ಆಲಿಸಿಯಾರು ಎಂಬುದು ಅವಳ ವಾದ. ಆ ಗುಡಿ ಅವಳ ಜನರದಲ್ಲ, ಅವಳನ್ನು ಸೆರೆಯಲ್ಲಿಟ್ಟವರದು. ಅಸಭ್ಯ ಹಾಸ್ಯವೇ ತುಂಬಿರುವ ಆ ಆಟದಲ್ಲಿ, ಸೆರೆಯಾಳೊಬ್ಬಳು ತನ್ನನ್ನು ಸೆರೆಹಿಡಿದವರ ದೇವಿಯ ಸೊತ್ತನ್ನು ಮುಟ್ಟಗೊಡುವುದಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ನೆಲದ ಅವಶೇಷಗಳ ಕಡೆಗೆ ತಿರುಗೋಣ.

ಬಾರ್ಕೂರು, ಬಸ್ರೂರು, ಬೈಂದೂರು

ಬ್ರಹ್ಮಾವರ ಪೇಟೆಯಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಸೀತಾ ನದಿಯ ದಡದಲ್ಲಿ ಬಾರ್ಕೂರು ಇದೆ. ಆಳುಪ ಅರಸರು ತಮ್ಮ ಕೊನೆಯ ಶತಮಾನಗಳಲ್ಲಿ ಇಲ್ಲಿಂದ ಆಳಿದರು. ಹೊಯ್ಸಳ ಮೂರನೆಯ ಬಲ್ಲಾಳನ ರಾಣಿಯಾಗಿದ್ದ ಆಳುಪ ಮನೆತನದ ಚಿಕ್ಕಾಯಿ ತಾಯಿಯು ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿ ರಾಜ್ಯಭಾರ ಮಾಡಿದಳು. ಆನಂತರ ವಿಜಯನಗರದ ಕಾಲದಲ್ಲಿ ತುಳುನಾಡು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂಬ ಎರಡು ಭಾಗಗಳಾಗಿದ್ದು, ಪ್ರಾಂತಾಧಿಕಾರಿಗಳು ಇಲ್ಲಿ ಇರುತ್ತಿದ್ದರು. ಊರನ್ನು ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ಭಂಡಾರಕೇರಿ ಮುಂತಾಗಿ ಇಂದಿಗೂ ಕೇರಿಗಳ ಹೆಸರಿನಿಂದಲೇ ಗುರುತಿಸುತ್ತಾರೆ. ವರ್ಷದ ದಿನಕ್ಕೊಂದರಂತೆ ಇಲ್ಲಿ 365 ದೇವಸ್ಥಾನಗಳಿದ್ದುವೆಂದು ಜನರ ಮಾತು. ಲೆಕ್ಕ ಏನೇ ಇರಲಿ, ಊರು ತನ್ನನ್ನು ಗುಡಿಗಳ ಮೂಲಕವೇ ನೆನೆಯುತ್ತದೆಂಬುದು ಆ ಮಾತಿನಿಂದ ಸ್ಪಷ್ಟ.

ಇಲ್ಲಿಯ ಭಗ್ನಾವಶೇಷಗಳಲ್ಲಿ ಕತ್ತಲೆ ಬಸದಿ ಪ್ರಸಿದ್ಧವಾದುದು. ಇಳಿಜಾರಾಗಿ ಹೊದಿಸಿದ ಕಲ್ಲುಚಪ್ಪಡಿಗಳ ಮಾಡು, ಸಾಲುಗಂಬಗಳು, ಬೆಳಕು ತಲುಪದ ಗರ್ಭಗೃಹ. ಮಳೆನಾಡಿನ ಮರದ ಮಾಡನ್ನೇ ಕಲ್ಲಿನಲ್ಲಿ ಅನುಕರಿಸಿದ ಈ ಶೈಲಿಯನ್ನು ಮೂಡುಬಿದಿರೆಯಲ್ಲಿಯೂ ಭಟ್ಕಳದಲ್ಲಿಯೂ ಕಾಣಬಹುದು. ಇಂದು ಇಲ್ಲಿ ನಿತ್ಯಪೂಜೆಯಿಲ್ಲ. ಆದರೆ ಅದೇ ಊರಿನ ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನದಲ್ಲಿ ಪೂಜೆ ನಡೆಯುತ್ತಿದೆ. ಆನೆಯ ಬೆನ್ನಿನಂತೆ ದುಂಡಾಗಿರುವ ಹಿಂಭಾಗದಿಂದ ಅದನ್ನು ಗುರುತಿಸಬಹುದು. ಹೀಗೆ ಬಾರ್ಕೂರಿನಲ್ಲಿ ಹಾಳಾದುದೂ ಜೀವಂತವಾದುದೂ ಒಂದೇ ನಡಿಗೆಯ ದೂರದಲ್ಲಿವೆ. ಒಂದನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರುವವನನ್ನು ಊರೇ ತಿದ್ದುತ್ತದೆ.

ಕುಂದಾಪುರದ ಒಳಭಾಗದಲ್ಲಿ, ವಾರಾಹಿ ನದಿಯ ತಡಿಯಲ್ಲಿರುವ ಬಸ್ರೂರು ವರ್ತಕರ ಊರು. ಪೋರ್ಚುಗೀಸರು ಇದನ್ನು ಬಾರ್ಸೆಲೋರ್ ಎಂದು ಕರೆದರು. 1516ರ ಸುಮಾರಿಗೆ ಬರೆದ ದುಆರ್ತೆ ಬಾರ್ಬೋಸನು ಬಾರ್ಕೂರು, ಬಸ್ರೂರುಗಳಿಂದ ಒಳ್ಳೆಯ ಅಕ್ಕಿ ಮಲಬಾರಿಗೂ ಹೊರ್ಮುಜ್, ಏಡನ್‌ಗಳಿಗೂ ಹೋಗುತ್ತಿತ್ತೆಂದು ದಾಖಲಿಸಿದ್ದಾನೆ. ವಿಜಯನಗರ ಕಾಲದ ಕರಾವಳಿ ಶಾಸನಗಳಲ್ಲಿ ನಖರ, ಸೆಟ್ಟಿಕಾರರು ಮೊದಲಾದ ವರ್ತಕ ಸಂಘಗಳ ಜೊತೆಯಲ್ಲಿ ‘ಹಂಜಮಾನ’ ಎಂಬ ಪದವೂ ಬರುತ್ತದೆ. ಅದು ಕಡಲಾಚೆಯಿಂದ ಬಂದ, ಮುಖ್ಯವಾಗಿ ಮುಸ್ಲಿಮರಾದ ವರ್ತಕರ ಕೂಟ. 1342ರ ಸುಮಾರಿಗೆ ಈ ದಾರಿಯಲ್ಲಿ ಸಾಗಿದ ಇಬ್ನ್ ಬತೂತನು ಬಸ್ರೂರನ್ನು ಅಬೂ ಸರೂರ್ ಎಂದೂ ಬಾರ್ಕೂರನ್ನು ಫಾಕನೂರ್ ಎಂದೂ ಕರೆದಿದ್ದಾನೆ. ಫಾಕನೂರಿನ ಅರಸ ಹಿಂದು, ಅವನ ಹಡಗುಪಡೆಯ ನಾಯಕ ಮುಸ್ಲಿಮ. ಊರಿನಲ್ಲಿ ಶುಕ್ರವಾರದ ನಮಾಜಿಗೆ ಮಸೀದಿಯೂ ಖಾಜಿಯೂ ಇದ್ದರೆಂದು ಅವನ ವರದಿ. ಅದೇ ಅರಸನು ದಾರಿಯಲ್ಲಿ ಹೋಗುವ ಹಡಗುಗಳಿಂದ ಬಲವಂತವಾಗಿ ಸುಂಕ ಕೀಳುತ್ತಿದ್ದನೆಂದೂ ಬರೆದಿದ್ದಾನೆ. ಆದುದರಿಂದ ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸಬೇಕಾಗಿಲ್ಲ. ಆದರೂ ಬಸದಿ, ಶಿವಾಲಯ, ಮಸೀದಿಗಳು ಒಂದೇ ಬಂದರಿನ ಅಕ್ಕಿಯಿಂದಲೂ ಸುಂಕದಿಂದಲೂ ಬದುಕಿದವೆಂಬುದು ನಿಜ.

ಬೈಂದೂರಿನಲ್ಲಿ ಸೂಕ್ಷ್ಮ ಕೆತ್ತನೆಯ ಸೇನೇಶ್ವರ ದೇವಸ್ಥಾನವಿದೆ. ಪಡುವರಿಯ ಕಡಲ ಅಂಚಿನಲ್ಲಿ ಸೋಮೇಶ್ವರನಿದ್ದಾನೆ. ಕಡಲಿಗೆ ತೀರಾ ಸಮೀಪವಿದ್ದೂ ಸೋಮೇಶ್ವರದಲ್ಲಿ ಪೂಜೆ ನಿಂತಿಲ್ಲ; ಕಡಲಿನಿಂದ ಒಳಗಿರುವ ಬಾರ್ಕೂರಿನ ಬಸದಿಯಲ್ಲಿ ನಿಂತಿದೆ. ಕಲ್ಲು ಉಳಿಯುವುದೂ ಅಳಿಯುವುದೂ ಉಪ್ಪುಗಾಳಿಯಿಂದ ಮಾತ್ರ ನಿರ್ಧಾರವಾಗುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಬಾರ್ಕೂರು ಏಕೆ ಕುಗ್ಗಿತು? ಆಶ್ರಯ ಕೊಟ್ಟ ಅರಸುಮನೆತನಗಳು ಅಳಿದುವು. 1565ರ ಬಳಿಕ ವಿಜಯನಗರದ ಹಿಡಿತ ಸಡಿಲಿತು. ಅಧಿಕಾರದ ಕೇಂದ್ರ ಘಟ್ಟದ ಮೇಲಣ ಕೆಳದಿ ಅರಸರ ಇಕ್ಕೇರಿಗೂ ಬಿದನೂರಿಗೂ ಹೋಯಿತು. ಕಡಲ ವ್ಯಾಪಾರದ ಮೇಲೆ ಪೋರ್ಚುಗೀಸರ ಹತೋಟಿ ಬಿತ್ತು. ಕೊನೆಗೆ ಆಡಳಿತ ಮಂಗಳೂರಿನಲ್ಲಿ ನೆಲೆಸಿತು. ದೇಗುಲವೊಂದಕ್ಕೆ ದೀಪದ ಎಣ್ಣೆ ಬರಬೇಕಾದರೆ ದಾನಕೊಟ್ಟ ಗದ್ದೆ ಬೆಳೆಯಬೇಕು, ಅರ್ಚಕನ ಮನೆಯಲ್ಲಿ ಅನ್ನವಿರಬೇಕು, ಊರಿನಲ್ಲಿ ಭಕ್ತರು ಉಳಿದಿರಬೇಕು. ಇವು ತಪ್ಪಿದಾಗ ಯಾವ ಶತ್ರುವೂ ಬಾರದೆ ಗುಡಿ ಹಾಳಾಗುತ್ತದೆ. ನಮ್ಮ ಇಗರ್ಜಿಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದುದರಿಂದ ಭಗ್ನತೆಯು ದೇವರ ತೀರ್ಪಿನ ಪತ್ರವೆಂದು ಓದುವುದು ಮೊದಲಿಗೆ ಇತಿಹಾಸದ ದೃಷ್ಟಿಯಿಂದಲೇ ತಪ್ಪು.

ಕೈಸರೇಯದ ಜಗಲಿ

ಈಗ ಕೈಸರೇಯಕ್ಕೆ ಬರೋಣ. ಹೆರೋದನು ಕ್ರಿ.ಪೂ. 22ರಿಂದ ಸುಮಾರು 12 ವರ್ಷ ಈ ಬಂದರು ನಗರವನ್ನು ಕಟ್ಟಿಸಿದನು. ಹಡಗಿನವರಿಗೆ ದೂರದಿಂದಲೇ ಕಾಣುವಂತೆ ಬಂದರಿಗೆ ಎದುರಾಗಿ ರೋಮಾ ದೇವತೆಗೂ ಆಗಸ್ಟಸನಿಗೂ ದೇಗುಲವೆತ್ತಿಸಿದನೆಂದು ಜೋಸೆಫಸ್ ವರ್ಣಿಸುತ್ತಾನೆ. ಪೇತ್ರನು ಕೊರ್ನೇಲಿಯನ ಮನೆಗೆ ಬಂದಾಗ ಆ ದೇಗುಲ ಅಲ್ಲಿತ್ತು. ಪೌಲನು ಎರಡು ವರ್ಷ ಸೆರೆಯಲ್ಲಿದ್ದಾಗಲೂ ಅಲ್ಲಿತ್ತು. ರೋಮಿಗೆ ಅವನ ಪಯಣ ಆರಂಭವಾದದ್ದೂ ಅದೇ ನಗರದಿಂದ. ಅದರ ವಿಷಯವಾಗಿ ಒಂದು ಮಾತೂ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇಲ್ಲ. 1961ರಲ್ಲಿ ಅಲ್ಲಿಯ ರಂಗಮಂದಿರದಲ್ಲಿ ಮೆಟ್ಟಿಲಾಗಿ ಬಳಸಿದ್ದ ಒಂದು ಕಲ್ಲು ಸಿಕ್ಕಿತು. ತಿಬೇರಿಯನ ಗೌರವಾರ್ಥವಾದ ಒಂದು ಕಟ್ಟಡಕ್ಕೆ ಸಂಬಂಧಿಸಿದ ಆ ಶಾಸನದಲ್ಲಿ ಪೊಂತಿಯ ಪಿಲಾತನ ಹೆಸರಿದೆ. ನಮ್ಮ ವಿಶ್ವಾಸ ಪ್ರಮಾಣದಲ್ಲಿ ಬರುವ ಹೆಸರು ಕಲ್ಲಿನಲ್ಲಿ ಉಳಿದದ್ದು ಚಕ್ರವರ್ತಿಯ ಗೌರವಕ್ಕಾಗಿ.

ದೇಗುಲವು ಮುಂದೆ ಕೆಡವಲ್ಪಟ್ಟಿತು. ಸುಮಾರು ಕ್ರಿ.ಶ. 500ರಲ್ಲಿ ಅದೇ ಜಗಲಿಯ ಮೇಲೆ ಎಂಟು ಮೂಲೆಯ ಕ್ರೈಸ್ತ ದೇವಾಲಯ ಎದ್ದಿತು. ಅದೂ ಹೋಯಿತು. ಧರ್ಮಯುದ್ಧದವರ ಕಾಲದಲ್ಲಿ ಅಲ್ಲಿ ಪ್ರಧಾನಾಲಯವೊಂದು ಎದ್ದಿತು. 1265ರಲ್ಲಿ ನಗರವು ಬೈಬರ್ಸನ ವಶವಾದ ಬಳಿಕ ಅದೂ ಹಾಳಾಯಿತು. ಇಂದಿನ ಯಾತ್ರಿಕನು ಅಲ್ಲಿ ನೋಡುವುದು ದೇಗುಲದ ಭಗ್ನಾವಶೇಷದ ಮೇಲೆ ದೇವಾಲಯದ ಭಗ್ನಾವಶೇಷವನ್ನು. ಮೊದಲನೆಯದು ತೀರ್ಪಾದರೆ ಎರಡನೆಯದು ಏನು?

ಅದೇ ನಗರದ ಇನ್ನೊಂದು ಘಟನೆ ನಮ್ಮ ಕಾಲಕ್ಕೆ ಹೆಚ್ಚು ಅಗತ್ಯವಾದ ಪಾಠ. ಕ್ರಿ.ಶ. 66ರಲ್ಲಿ ಕೈಸರೇಯದ ಯೆಹೂದ್ಯರ ಪ್ರಾರ್ಥನಾಮಂದಿರದ ಪಕ್ಕದ ಜಾಗ ಒಬ್ಬ ಗ್ರೀಕನದಾಗಿತ್ತು. ಬೆಲೆಗೆ ಹಲವು ಪಟ್ಟು ಕೊಡುತ್ತೇವೆಂದರೂ ಅವನು ಮಾರಲಿಲ್ಲ. ಬದಲಾಗಿ ಅಲ್ಲಿ ಕಾರ್ಯಾಗಾರಗಳನ್ನು ಕಟ್ಟಿಸಿ ದಾರಿಯನ್ನು ಇಕ್ಕಟ್ಟು ಮಾಡಿದನು. ಯೆಹೂದ್ಯ ಮುಖಂಡರು ರಾಜ್ಯಪಾಲ ಫ್ಲೋರಸನಿಗೆ ಎಂಟು ತಲೆಂತು ಬೆಳ್ಳಿ ಕೊಟ್ಟರು. ಅವನು ಹಣ ಪಡೆದು ಊರನ್ನೇ ಬಿಟ್ಟು ಹೋದನು. ಮರುದಿನ ಸಬ್ಬತ್ತು. ಒಬ್ಬನು ಮಂದಿರದ ಬಾಗಿಲಲ್ಲಿ ಮಡಕೆಯನ್ನು ಬೋರಲು ಹಾಕಿ ಅದರ ಮೇಲೆ ಹಕ್ಕಿಗಳನ್ನು ಬಲಿಕೊಟ್ಟನು. ಹೊಡೆದಾಟ ಎದ್ದಿತು, ಮುಂದೆ ಅದು ರೋಮಿನ ವಿರುದ್ಧ ಯುದ್ಧಕ್ಕೆ ತಿರುಗಿತು. ಆ ವರ್ಷ ಕೈಸರೇಯದಲ್ಲಿ ಸತ್ತ ಯೆಹೂದ್ಯರು 20,000ಕ್ಕೂ ಹೆಚ್ಚೆಂದು ಜೋಸೆಫಸನ ಲೆಕ್ಕ. ನಾಲ್ಕು ವರ್ಷಗಳಲ್ಲಿ ಜೆರುಸಲೇಮಿನ ಮಹಾದೇವಾಲಯ ಉರಿಯಿತು. ಅನ್ಯರ ಪ್ರಾರ್ಥನೆಯ ಬಾಗಿಲಲ್ಲಿ ಬೇಕೆಂದೇ ಮಾಡಿದ ಒಂದು ಅವಮಾನ, ಹಣ ಪಡೆದು ಕೈಕಟ್ಟಿದ ಒಬ್ಬ ಅಧಿಕಾರಿ, ಗಡಿಗಾಗಿ ಒಂದು ಜಗಳ: ಕರಾವಳಿಯಲ್ಲಿ ಬದುಕುವ ನಮಗೆ ಈ ಮೂರೂ ಅಪರಿಚಿತವಲ್ಲ.

ಎಫೆಸದ ಸಾಕ್ಷ್ಯ

ಹೊಸ ಒಡಂಬಡಿಕೆಯಲ್ಲಿ ಅನ್ಯದೇಗುಲದ ಎದುರು ಕ್ರೈಸ್ತರು ನಿಂತ ಅತ್ಯಂತ ಉದ್ವಿಗ್ನ ಸನ್ನಿವೇಶ ಎಫೆಸದ್ದು. ಅರ್ತೆಮಿ ದೇವಿಯ ಬೆಳ್ಳಿಗುಡಿಗಳನ್ನು ಮಾಡುವವರ ಆಕ್ರೋಶಕ್ಕೆ ನಗರವೇ ರಂಗಮಂದಿರಕ್ಕೆ ನುಗ್ಗುತ್ತದೆ. ಆಗ ನಗರದ ಕಾರ್ಯದರ್ಶಿ, ಸ್ವತಃ ಆ ದೇವಿಯ ಭಕ್ತ, ಪೌಲನ ಸಂಗಡಿಗರ ಪರವಾಗಿ ಎರಡು ಮಾತು ಹೇಳುತ್ತಾನೆ: ಅವರು ದೇಗುಲಗಳ್ಳರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ (ಪ್ರೇ. ಕಾ. 19:37). ಹಿಯೆರೋಸುಲೋಸ್ ಎಂಬ ಗ್ರೀಕ್ ಪದಕ್ಕೆ ದೇಗುಲವನ್ನು ಸೂರೆಮಾಡುವವನೆಂದೇ ಅರ್ಥ. ಇದು ಕ್ರೈಸ್ತರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದಲ್ಲ, ಹೊರಗಿನವನು ಸಭೆಯ ಮುಂದೆ ಕೊಟ್ಟ ಸಾಕ್ಷ್ಯ. ಪೌಲನು ಕೈಯಿಂದ ಮಾಡಿದವು ದೇವರುಗಳಲ್ಲವೆಂದು ಬೋಧಿಸುತ್ತಿದ್ದನೆಂಬುದನ್ನು ಲೂಕನು ಮುಚ್ಚಿಡುವುದಿಲ್ಲ (19:26). ಬೋಧನೆಯಲ್ಲಿ ರಾಜಿಯಿಲ್ಲ, ಆದರೂ ಗುಡಿಯ ಸೊತ್ತಿಗೆ ಕೈಯಿಲ್ಲ, ದೇವಿಗೆ ಬೈಗುಳವಿಲ್ಲ. ಇವೆರಡೂ ಒಬ್ಬನೇ ಪ್ರೇಷಿತನಲ್ಲಿ ಕೂಡಿದ್ದುವು.

ಇದೇ ಪೌಲನು ರೋಮನರಿಗೆ ಬರೆದ ಪತ್ರದಲ್ಲಿ ವಿಗ್ರಹಗಳನ್ನು ಅಸಹ್ಯಪಡುವ ನೀನೇ ದೇಗುಲಗಳನ್ನು ದೋಚುವೆಯಾ ಎಂಬರ್ಥದ ಪ್ರಶ್ನೆ ಕೇಳುತ್ತಾನೆ (ರೋಮ 2:22). ಹಿಂದಿನ ನೆಲೆ ಧರ್ಮೋಪದೇಶಕಾಂಡದಲ್ಲಿದೆ: ವಿಗ್ರಹಗಳ ಮೇಲಣ ಬೆಳ್ಳಿಬಂಗಾರಕ್ಕೆ ಆಶೆಪಡಬಾರದು (7:25). ಈ ಸಂಪ್ರದಾಯವನ್ನು ವಿವರಿಸುತ್ತ ಜೋಸೆಫಸನು ತನ್ನ ‘ಪ್ರಾಚೀನ ಇತಿಹಾಸ’ದ ನಾಲ್ಕನೆಯ ಪುಸ್ತಕದಲ್ಲಿ, ಇತರ ಪಟ್ಟಣಗಳವರು ದೇವರೆಂದು ಭಾವಿಸುವವರನ್ನು ದೂಷಿಸಕೂಡದು, ಅನ್ಯರ ಗುಡಿಗಳನ್ನು ದೋಚಕೂಡದು ಎಂದು ಮೋಶೆಯ ವಿಧಿಯನ್ನು ಅರ್ಥೈಸಿದ್ದಾನೆ.

ಇಲ್ಲಿ ವಿದ್ಯಾರ್ಥಿಗಳು ನ್ಯಾಯವಾದ ಆಕ್ಷೇಪವೊಂದನ್ನು ಎತ್ತುತ್ತಾರೆ: ಅದೇ ಧರ್ಮೋಪದೇಶಕಾಂಡವು ಬಲಿಪೀಠಗಳನ್ನು ಒಡೆದುಹಾಕಲು ಹೇಳುತ್ತದಲ್ಲವೇ? ಗಿದ್ಯೋನನು ಬಾಳನ ಪೀಠವನ್ನು ಕೆಡವಲಿಲ್ಲವೇ? ಹೌದು. ಆದರೆ ಗಿದ್ಯೋನನು ಕೆಡವಿದ್ದು ಸ್ವಂತ ತಂದೆಯ ಪೀಠವನ್ನು. ಆ ವಿಧಿಗಳು ಇಸ್ರಯೇಲಿನ ಸ್ವಂತ ನಿಷ್ಠೆಗೆ ಸಂಬಂಧಿಸಿದವು. ಅನ್ಯರ ನಗರಗಳಲ್ಲಿ ಚದರಿ ಬಾಳಿದ ಯೆಹೂದ್ಯರು ಅವನ್ನು ನೆರೆಯವರ ಗುಡಿಗಳಿಗೆ ಅನ್ವಯಿಸಲಿಲ್ಲವೆಂಬುದಕ್ಕೆ ಜೋಸೆಫಸನೇ ಸಾಕ್ಷಿ. ಯೇಸುಸ್ವಾಮಿಯು ಚಾಟಿ ಹಿಡಿದದ್ದು ತಮ್ಮ ತಂದೆಯ ಆಲಯದಲ್ಲಿ. ಫಿಲಿಪ್ಪನ ಕೈಸರೇಯದ ಪ್ರಾಂತದಲ್ಲಿ ಪಾನ್ ದೇವತೆಯ ಗವಿಯೂ ಚಕ್ರವರ್ತಿಯ ದೇಗುಲವೂ ಇದ್ದುವು. ಅಲ್ಲಿ ಅವರು ಶಿಷ್ಯರನ್ನು ಕೇಳಿದ್ದು ತಾವು ಯಾರೆಂಬ ಪ್ರಶ್ನೆಯನ್ನು ಮಾತ್ರ.

ಆದಿಧರ್ಮಸಭೆ ಇದನ್ನು ಕಾನೂನಿನ ರೂಪದಲ್ಲಿಯೂ ಹೇಳಿತು. ಸ್ಪೇಯ್ನ್ ದೇಶದಲ್ಲಿ ನಾಲ್ಕನೆಯ ಶತಮಾನದ ಆದಿಯಲ್ಲಿ ಸೇರಿದ ಎಲ್ವೀರಾ ಸಭೆಯ 60ನೆಯ ವಿಧಿಯ ತಾತ್ಪರ್ಯವಿದು: ವಿಗ್ರಹಗಳನ್ನು ಒಡೆದು ಅದೇ ಕಾರಣಕ್ಕೆ ಕೊಲ್ಲಲ್ಪಟ್ಟವನನ್ನು ರಕ್ತಸಾಕ್ಷಿಗಳ ಪಟ್ಟಿಗೆ ಸೇರಿಸಬಾರದು, ಏಕೆಂದರೆ ಶುಭಸಂದೇಶದಲ್ಲಿ ಹಾಗೆ ಬರೆದಿಲ್ಲ, ಪ್ರೇಷಿತರ ಕಾಲದಲ್ಲಿ ಹಾಗೆ ನಡೆದುದೂ ಇಲ್ಲ. ಹಿಂಸೆಯನ್ನು ಕಣ್ಣಾರೆ ಕಂಡ ತಲೆಮಾರು ಈ ವಿಧಿಯನ್ನು ಮಾಡಿತೆಂಬುದು ಗಮನಾರ್ಹ. ಸಂತ ಅಗಸ್ಟೀನನು ತನ್ನ 62ನೆಯ ಪ್ರಬೋಧನೆಯಲ್ಲಿ, ಅನ್ಯರ ನೆಲದ ವಿಗ್ರಹಗಳಿಗೆ ಕೈಹಚ್ಚಲು ಆತುರಪಡುವವರನ್ನು ತಡೆದು, ಮೊದಲು ಮನಸ್ಸುಗಳ ಪರಿವರ್ತನೆಗೆ ದುಡಿಯಿರೆಂದು ತಿಳಿಹೇಳಿದನು. ಆದರೆ ಅಧಿಕಾರವೇ ಕ್ರೈಸ್ತರ ಕೈಗೆ ಬಂದಾಗ ಈ ಸಂಯಮ ಉಳಿಯಲಿಲ್ಲ. 402ರಲ್ಲಿ ಗಾಜಾ ಪಟ್ಟಣದ ಮಾರ್ನಾ ದೇವರ ದೇಗುಲವನ್ನು ಸುಟ್ಟು, ಅದರ ಗರ್ಭಗೃಹದ ಚಂದ್ರಕಾಂತ ಶಿಲೆಗಳನ್ನು ಜನರೂ ಪ್ರಾಣಿಗಳೂ ತುಳಿಯುವಂತೆ ಬೀದಿಗೆ ಹಾಸಲಾಯಿತೆಂದು ಧರ್ಮಾಧ್ಯಕ್ಷ ಪೊರ್ಫಿರಿಯನ ಚರಿತ್ರೆ ಹೆಮ್ಮೆಯಿಂದ ಹೇಳುತ್ತದೆ. 601ರಲ್ಲಿ ಜಗದ್ಗುರು ಗ್ರೆಗೊರಿಯು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿತನಿಗೆ ಬರೆದ ಪತ್ರ, ದೇಗುಲಗಳನ್ನು ಕೆಡವದೆ ಶುದ್ಧೀಕರಿಸಿ ಬಳಸಲು ಹೇಳಿತು. ಸಂಸ್ಕೃತೀಕರಣದ ಪಾಠಗಳಲ್ಲಿ ನಾವು ಅದನ್ನು ಮೆಚ್ಚಿ ಉದ್ಧರಿಸುತ್ತೇವೆ. ಆದರೂ ಅದು ಅರಸನು ಕ್ರೈಸ್ತನಾದ ನಾಡಿಗೆ ಬರೆದ ಪತ್ರವೆಂಬುದನ್ನು ಮರೆಯಬಾರದು. ನೆರೆಯವರು ಇನ್ನೂ ಪ್ರಾರ್ಥಿಸುತ್ತಿರುವ ನಾಡಿಗೆ ಅದು ಮಾದರಿಯಾಗಲಾರದು. ಅಲ್ಲಿ ಮಾದರಿ ಎಫೆಸವೇ.

ನಮ್ಮ ಕಡಲ ಲೆಕ್ಕ

ಈ ಅಳತೆಗೋಲಿನಿಂದ ನಮ್ಮ ಕರಾವಳಿಯ ಕ್ರೈಸ್ತ ಇತಿಹಾಸವನ್ನೂ ಅಳೆಯಬೇಕು. ಸಂತ ಫ್ರಾನ್ಸಿಸ್ ಕ್ಸೇವಿಯರರು 1542ರ ಮೇ 6ರಂದು ಗೋವಾಕ್ಕೆ ಬಂದಿಳಿದದ್ದು ಹೊಸ ರಾಜ್ಯಪಾಲ ಮಾರ್ತಿಂ ಅಫೊನ್ಸೊ ದ ಸೋಜನ ಜೊತೆಯಲ್ಲಿ. ಅದೇ ವರ್ಷ ಆ ರಾಜ್ಯಪಾಲನು ಬೈಂದೂರಿಗೆ ಬಡಗಣದ ಭಟ್ಕಳದ ಮೇಲೆ ದಾಳಿಮಾಡಿ ಊರನ್ನು ಸುಟ್ಟನು. ಮುಂದೆ ಅವನ ಪಡೆ ಕೊಲ್ಲಂ ಸಮೀಪದ ಒಂದು ದೇವಸ್ಥಾನವನ್ನು ಬಂಗಾರದ ಆಸೆಯಿಂದ ಸೂರೆಮಾಡಿತು. ಸಂತನೂ ದೇಗುಲಗಳ್ಳನೂ ಒಂದೇ ಹಡಗಿನಲ್ಲಿ ಬಂದರು. ನಮ್ಮ ಇತಿಹಾಸವನ್ನು ಬರೆಯುವವರು ಇಬ್ಬರ ಹೆಸರನ್ನೂ ಬರೆಯಬೇಕು. 1567ರಲ್ಲಿ ಗೋವಾದ ಸಾಷ್ಟಿ ಪ್ರಾಂತದಲ್ಲಿ ಸುಮಾರು 280 ದೇವಸ್ಥಾನಗಳನ್ನು ಕೆಡವಲಾಯಿತು. 1569ರಲ್ಲಿ ವೈಸರಾಯ್ ಲುಯಿಸ್ ದ ಅತಾಯ್ದನು ಹೊನ್ನಾವರವನ್ನೂ ಬಸ್ರೂರನ್ನೂ ವಶಪಡಿಸಿಕೊಂಡನು. ಕುಂದಾಪುರದ ರೋಜರಿ ಮಾತೆಯ ದೇವಾಲಯದ ಆರಂಭವನ್ನು ಪರಂಪರೆ 1570ಕ್ಕೆ ಹಾಕುತ್ತದೆ. ಕೋಟೆಯ ನೆರಳಿನಲ್ಲಿ ನಮ್ಮ ಬಲಿಪೀಠ ಎದ್ದಿತೆಂಬುದನ್ನು ನಾವು ಮರೆಮಾಚುವಂತಿಲ್ಲ.

ಗೋವಾದಲ್ಲಿ ಕೆಡವಿದ ಗುಡಿಗಳ ದೇವರುಗಳನ್ನು ಹೊತ್ತುಕೊಂಡು ಗೌಡ ಸಾರಸ್ವತ ಕುಟುಂಬಗಳು ಕೆನರಾ ಕರಾವಳಿಗೆ ಬಂದುವು. ಅದೇ ಗೋವಾದಿಂದ ಕ್ಷಾಮ, ತೆರಿಗೆ, ಯುದ್ಧ, ಧಾರ್ಮಿಕ ವಿಚಾರಣೆಯ ಭಯ ಇವುಗಳಿಂದ ಬೇಸತ್ತ ಕ್ರೈಸ್ತ ಕುಟುಂಬಗಳೂ ಬಂದುವು. ಎರಡೂ ಸಮುದಾಯಗಳ ಮನೆಮಾತು ಕೊಂಕಣಿ. ಇಬ್ಬರಿಗೂ ಗದ್ದೆ ಕೊಟ್ಟವರು ಈ ನೆಲದ ಅರಸರು, ಒಡೆಯರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನು ಪೋರ್ಚುಗೀಸರನ್ನು ಕೋಟೆಗಳಿಂದ ಹೊರಹಾಕಿದ ಬಳಿಕವೂ ಕೆನರಾದಲ್ಲಿ ಕ್ರೈಸ್ತರು ಉಳಿದರು. ಸಂತ ಜೋಸೆಫ್ ವಾಜರು 1681ರಿಂದ ಮೂರು ವರ್ಷ ಕೆನರಾದಲ್ಲಿ ಸೇವೆ ಮಾಡಿದ್ದು ಕೋಟೆಯ ರಕ್ಷಣೆಯಿಲ್ಲದ ಈ ಸಮುದಾಯಕ್ಕೆ.

ಭಗ್ನತೆ ನಮಗೂ ಬಂದಿತು. 1784ರ ವಿಭೂತಿ ಬುಧವಾರದ ಹೊತ್ತಿಗೆ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಸಾವಿರಾರು ಕ್ರೈಸ್ತರು ಸೆರೆಯಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣದ ದಾರಿ ಹಿಡಿದರು. 27 ದೇವಾಲಯಗಳು ನೆಲಸಮವಾದುವೆಂದು ಲೆಕ್ಕ. 1799ರ ಬಳಿಕ ಬದುಕುಳಿದವರು ಹಿಂದಿರುಗಿ, ಹುಲ್ಲು ಬೆಳೆದ ಅಡಿಪಾಯಗಳ ಮೇಲೆ ಮತ್ತೆ ಕಟ್ಟಿದರು. ಆ 15 ವರ್ಷಗಳಲ್ಲಿ ನಮ್ಮ ಭಗ್ನ ಇಗರ್ಜಿಯ ಮುಂದೆ ನಿಂತು ಯಾರಾದರೂ ಇದು ಸುಳ್ಳು ದೇವರಿಗಾದ ಗತಿಯೆಂದು ಹೇಳಿದ್ದರೆ, ನಮ್ಮ ಹಿರಿಯರು ಅದನ್ನು ಸತ್ಯವೆಂದು ಒಪ್ಪುತ್ತಿದ್ದರೇ? ಒಪ್ಪುತ್ತಿರಲಿಲ್ಲವಾದರೆ, ಕತ್ತಲೆ ಬಸದಿಯ ಮುಂದೆ ಆ ಮಾತನ್ನು ನಾವು ಆಡುವಂತಿಲ್ಲ.

ಕನ್ನಡದ ಕಥೋಲಿಕರಾದ ನಾವು ನಮ್ಮ ಆರಾಧನಾಮಂದಿರವನ್ನು ‘ದೇವಾಲಯ’ ಎಂದೇ ಕರೆಯುತ್ತೇವೆ. ನೆರೆಯವರೂ ತಮ್ಮದನ್ನು ಹಾಗೆಯೇ ಕರೆಯುತ್ತಾರೆ. ಈ ಪದವನ್ನು ನಾವು ಅವರಿಂದಲೇ ಪಡೆದೆವು. ಯಾರೂ ತಕರಾರು ಮಾಡಲಿಲ್ಲ. ಭಾಷೆಯೇ ತೋರಿದ ಈ ಔದಾರ್ಯಕ್ಕೆ ತಕ್ಕ ನಡತೆ ನಮ್ಮದಾಗಿರಬೇಕು.

ಭೇಟಿಯ ಶಿಸ್ತು

ಅಥೆನ್ಸಿನಲ್ಲಿ ಪೌಲನ ಮನಸ್ಸು ಕುದಿಯಿತೆಂದು ಲೂಕನು ಬರೆಯುತ್ತಾನೆ (ಪ್ರೇ. ಕಾ. 17:16). ಆದರೂ ಅವನು ನಗರದಲ್ಲಿ ನಡೆದಾಡಿ ಅವರ ಆರಾಧ್ಯವಸ್ತುಗಳನ್ನು ಗಮನವಿಟ್ಟು ನೋಡಿದನು, ಒಂದು ಪೀಠದ ಬರಹವನ್ನು ಓದಿದನು. ಆಮೇಲೆ ಮಾತನಾಡಿದನು (17:23). ಕುದಿಯುವುದಕ್ಕೂ ಮಾತನಾಡುವುದಕ್ಕೂ ನಡುವೆ ನಡೆಯುವುದು, ನೋಡುವುದು, ಓದುವುದು ಇವೆ. ಗುರುಮಠದ ವಿದ್ಯಾರ್ಥಿಗಳನ್ನು ಬಾರ್ಕೂರಿಗೂ ಬಸ್ರೂರಿಗೂ ಕರೆದೊಯ್ಯುವಾಗ ಈ ಕ್ರಮವನ್ನೇ ಅನುಸರಿಸಬೇಕೆಂದು ನಾವು ಸೂಚಿಸುತ್ತೇವೆ. ಹೋಗುವ ಮೊದಲು ಆ ಸ್ಥಳದ ಶಾಸನಗಳ ಪಾಠವನ್ನು ಓದಿರಬೇಕು. ಪೂಜೆ ನಿಂತ ಬಸದಿಯಾದರೂ ಪಾದರಕ್ಷೆ ಕಳಚಿ ಒಳಹೋಗಬೇಕು. ಅಲ್ಲಿ ಒಂದು ಕಾಲದಲ್ಲಿ ಉಪವಾಸವಿದ್ದವರ ನೆನಪಿಗೆ ಅಷ್ಟು ಸಲ್ಲಬೇಕು. ಪೂಜೆಯಿರುವಲ್ಲಿ ಅರ್ಚಕರ, ಆಡಳಿತದವರ ಅನುಮತಿ ಪಡೆದು, ಅವರು ನಿಲ್ಲೆಂದಲ್ಲಿ ನಿಲ್ಲಬೇಕು. ಹೆಂಚಿನ ಚೂರನ್ನಾಗಲಿ ಕೆತ್ತಿದ ಕಲ್ಲಿನ ತುಣುಕನ್ನಾಗಲಿ ನೆನಪಿಗೆಂದು ಎತ್ತಿಕೊಳ್ಳಬಾರದು. ಅದು ಕಾನೂನಿಗೆ ಅಪರಾಧ. ಎಫೆಸದ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿದೆ. ಹಿಂದಿರುಗಿದ ಮೇಲೆ ಪ್ರಬೋಧನೆಯಲ್ಲಿ ಆ ಸ್ಥಳವನ್ನು ಹೆಸರಿಸಬೇಕಾದರೆ, ಅಲ್ಲಿಯ ಊರವರು ಪೀಠದ ಮುಂದೆ ಕುಳಿತು ಕೇಳುತ್ತಿದ್ದಾರೆಂದೇ ಭಾವಿಸಿ ಮಾತನಾಡಬೇಕು.

ಇದರಿಂದ ಕ್ರಿಸ್ತನ ಏಕೈಕತೆಯ ಬೋಧನೆ ಸಡಿಲವಾಗುವುದೆಂದು ಕೆಲವರು ಅಂಜುತ್ತಾರೆ. ಎಫೆಸದ ಪೌಲನಲ್ಲಿ ಅದು ಸಡಿಲವಾಗಲಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ‘ನೊಸ್ತ್ರಾ ಅಯೆತಾತೆ’ ಪ್ರಕಟಣೆ ಕ್ರಿಸ್ತನನ್ನು ಸಾರುವ ಕರ್ತವ್ಯವನ್ನೂ ಇತರ ಧರ್ಮಗಳಲ್ಲಿರುವ ಸತ್ಯಪವಿತ್ರವಾದುದನ್ನು ತಿರಸ್ಕರಿಸದಿರುವ ನಿಲುವನ್ನೂ ಒಟ್ಟಿಗೇ ಹೇಳಿತು. 2000ದ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪಾಲರು, ಸತ್ಯದ ಸೇವೆಯ ಹೆಸರಿನಲ್ಲಿ ಬಲಪ್ರಯೋಗ ಮಾಡಿದುದಕ್ಕಾಗಿಯೂ ಅನ್ಯ ಸಂಸ್ಕೃತಿ, ಧರ್ಮಗಳಿಗೆ ತೋರಿದ ಅಗೌರವಕ್ಕಾಗಿಯೂ ಧರ್ಮಸಭೆಯ ಪರವಾಗಿ ದೇವರ ಕ್ಷಮೆ ಯಾಚಿಸಿದರು. ಯೇಸುಸ್ವಾಮಿಯೂ ಜೆರುಸಲೇಮಿನ ವಿನಾಶವನ್ನು ಮುಂತಿಳಿಸುವ ಮೊದಲು ಆ ನಗರವನ್ನು ಕಂಡು ಅತ್ತರು (ಲೂಕ 19:41).

ದೇಗುಲಗಳ್ಳರಲ್ಲವೆಂಬ ಸಾಕ್ಷ್ಯವನ್ನು ಎಫೆಸದಲ್ಲಿ ಕೊಟ್ಟವನು ಕ್ರೈಸ್ತನಲ್ಲ. ಅಂತಹ ಸಾಕ್ಷ್ಯವನ್ನು ನಮಗೆ ನಾವೇ ಕೊಟ್ಟುಕೊಳ್ಳಲು ಬರುವುದಿಲ್ಲ. ಬಾರ್ಕೂರಿನ ಕೇರಿಯಲ್ಲಿ, ಬಸ್ರೂರಿನ ಪೇಟೆಯಲ್ಲಿ, ಬೈಂದೂರಿನ ಕಡಲತೀರದಲ್ಲಿ ನಮ್ಮ ಯಾಜಕರು ಕೆಲವು ವರ್ಷ ಬಾಳಿದ ಮೇಲೆ, ಊರಿನಲ್ಲಿ ಗೊಂದಲವೆದ್ದ ದಿನ ಯಾರಾದರೂ ಎದ್ದು ನಿಂತು ಅವರ ಪರವಾಗಿ ಆ ಮಾತನ್ನು ಹೇಳಬೇಕು. ಅದನ್ನು ಹೇಳಲು ಅವರಿಗೆ ಕಾರಣ ಕೊಡುವ ಯಾಜಕರನ್ನು ಸಿದ್ಧಪಡಿಸುವುದು ಗುರುಮಠಗಳ ಹೊಣೆ.